ನಿಧಾನಮ್ಮನ ಬಲಗಾಲು

ಆ ಊರಿನಲ್ಲಿ ಕಾರು ಓಡಿಸಬಲ್ಲವರಲ್ಲಿ ಅರ್ಧಕ್ಕರ್ಧ ಜನ ತಾವು ಬದುಕಿರುವುದೇ ನಿಧಾನಮ್ಮನ ಬಲಗಾಲಿನ ದಯೆಯಿಂದ ಎಂದು ಹೇಳಿಕೊಳ್ಳುತ್ತಾರೆ. ಹಲ್ಲಿನ ಡಾಕ್ಟರನ್ನು ಕೇಳಿ, ಬೇಕರಿಯವನನ್ನು ಕೇಳಿ, ಹೈಸ್ಕೂಲಿನ ಹೆಡ್‌ಮಾಸ್ಟರನ್ನು ಕೇಳಿ, ಕಥೆ ಒಂದೇ. ಎದುರಿಗೆ ಲಾರಿ ಬಂತು, ಕೈಕಾಲು ಮರಗಟ್ಟಿತು, ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಕಾರು ತಾನಾಗಿಯೇ ನಿಂತುಬಿಟ್ಟಿತು. ತಾನಾಗಿ ಯಾವ ಕಾರು ನಿಲ್ಲುತ್ತದೆ? ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಬುಡದಲ್ಲೂ ಒಂದು ಬ್ರೇಕು ಇರುತ್ತದೆ. ಕಲಿಯುವವರ ಪೆಡಲಿಗೂ ಅದಕ್ಕೂ ಅಡಿಯಲ್ಲಿ ಒಂದೇ ಸರಳು. ಇಲ್ಲಿ ಒತ್ತಿದರೆ ಅಲ್ಲಿಯ ಪೆಡಲೂ ತನ್ನಷ್ಟಕ್ಕೆ ಕೆಳಗಿಳಿಯುತ್ತದೆ. ಹೊಸಬರು ಅದನ್ನು ಕಂಡು ಬೆಚ್ಚಿಬೀಳುತ್ತಾರೆ. ನಿಧಾನಮ್ಮ ಮಾತ್ರ ಕಿಟಕಿಯಾಚೆ ನೋಡುತ್ತಾ, ಏನೂ ಆಗಿಲ್ಲವೆಂಬಂತೆ, “ನಿಧಾನ, ನಿಧಾನ” ಎನ್ನುತ್ತಾಳೆ. ಹೆತ್ತವರು ಇಟ್ಟ ಹೆಸರು ಹೀಗೆ ಮೂಲೆಗೆ ಸರಿದು, ಈ ಹೆಸರು ಗಟ್ಟಿಯಾಗಿ ಕೂತಿತು.

ಸ್ಕೂಲು ಶುರುಮಾಡಿದ್ದು ಆಕೆಯ ಗಂಡ. ಒಳ್ಳೆಯ ಮನುಷ್ಯ, ಆದರೆ ಬಾಯಿ ಮಾತ್ರ ಹಡಗಿನ ಸೈರನ್ನು. ಕಲಿಯಲು ಬಂದವರು ಮೂಲೆ ತಿರುಗುವ ಮೊದಲೇ ಅಳುತ್ತಿದ್ದರು. ನಿಧಾನಮ್ಮ ಆಗ ಸ್ಕೂಲಿನ ಅಂಗಡಿಕೋಣೆಯಲ್ಲಿ ಕೂತು ಬಂದವರಿಗೆ ನೀರು ಕೊಡುತ್ತಿದ್ದಳು, ಅತ್ತವರಿಗೆ ಟವೆಲು ಕೊಡುತ್ತಿದ್ದಳು. ಒಂದು ದಿನ ಅತ್ತವಳೊಬ್ಬಳು, “ನೀವೇ ಕಲಿಸಬಾರದಾ ಅಮ್ಮಾ?” ಎಂದು ಆಕೆಯ ಕೈ ಹಿಡಿದುಕೊಂಡಳು. ಅಲ್ಲಿಂದ ಶುರುವಾದದ್ದು. ವರ್ಷ ತಿರುಗುವಷ್ಟರಲ್ಲಿ ಗಂಡಸರೂ ‘ಅಮ್ಮನ ಬ್ಯಾಚು’ ಎಂದು ಕೇಳತೊಡಗಿದರು, ಗಂಡ ಅಂಗಡಿಯಲ್ಲಿ ನೀರು ಕೊಡತೊಡಗಿದ. ಆತ ತೀರಿಕೊಂಡ ಮೇಲೂ ಅಂಗಡಿ ಹಾಗೆಯೇ ಇದೆ. ಗೋಡೆಗೆ ರಸ್ತೆ ಚಿಹ್ನೆಗಳ ಮಾಸಿದ ಪಟ, ಒಂದು ಬೆಂಚು, ಮೇಜಿನ ಮೇಲೆ ಬಳಪದಲ್ಲಿ ಬರೆದ ನಾಲ್ಕು ದಾರಿ ಕೂಡುವ ಚೌಕ, ಅದರ ಮೇಲೆ ಓಡಿಸಿ ತೋರಿಸಲು ಚಕ್ರ ಕಳಚಿದ ಆಟಿಕೆ ಕಾರುಗಳು.

ಬ್ರೇಕಿನ ವಿಷಯದಲ್ಲಿ ಆಕೆಗೆ ಒಂದು ಮಾತಿತ್ತು. ಅದನ್ನು ಹೇಳದ ದಿನವಿಲ್ಲ. “ಬ್ರೇಕು ಅಂದ್ರೆ ಹುಳ ಹೊಸಕೋದಲ್ಲಪ್ಪಾ. ಮಲಗಿರೋ ಮಗುವಿನ ಬೆನ್ನು ತಟ್ಟೋದು. ಎಚ್ಚರಾನೂ ಆಗಬಾರದು, ತಟ್ಟಿದ್ದೂ ಗೊತ್ತಾಗಬೇಕು.”

ಹೀಗೆ ಬೆನ್ನು ತಟ್ಟಿಸಿಕೊಂಡು ಬೆಳೆದ ಅವಳ ಒಬ್ಬಳೇ ಮಗಳು ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ವ್ಯಾನು ಓಡಿಸುತ್ತಾಳೆ. ವಾರವಿಡೀ ಬಿಳಿ ಹಾಸಿಗೆ ಬಟ್ಟೆ ಹೊತ್ತು ತಿರುಗುವವಳಿಗೆ ಅದ್ಯಾಕೆ ಹುಟ್ಟಿತೋ ಕೆಸರಿನ ಹುಚ್ಚು. ಮಳೆ ಹಿಡಿದ ಮೇಲೆ ಊರಿನ ಮೋಟಾರು ಕ್ಲಬ್ಬಿನವರು ಹವ್ಯಾಸಿಗಳಿಗಾಗಿ ಒಂದು ರ‍್ಯಾಲಿ ನಡೆಸುತ್ತಾರೆ. ಅದು ದೊಡ್ಡ ಕಂಪನಿಗಳ ಆಟವಲ್ಲ, ತಮ್ಮ ತಮ್ಮ ಹಳೇ ಗಾಡಿ ತರುವ ಸಾಮಾನ್ಯರದ್ದು. ಒಂದೊಂದೇ ಕಾರನ್ನು ಬಿಡುತ್ತಾರೆ, ಗಡಿಯಾರ ಹಿಡಿದು ಹೊತ್ತು ಅಳೆಯುತ್ತಾರೆ. ಮೊದಲ ಹಂತ ಇಟ್ಟಿಗೆ ಗೂಡುಗಳ ನಡುವೆ, ಎರಡನೆಯದು ಮರದ ತೋಪಿನೊಳಗೆ, ಮೂರನೆಯದು ಹಳೆಯ ಕಲ್ಲುಗಣಿಯ ಪಕ್ಕದಿಂದ ಒಂದು ದಿಣ್ಣೆ ಹತ್ತಿ ಆಚೆಗೆ. ಆ ದಿಣ್ಣೆಗೆ ಎಲ್ಲರೂ ಬೆಣ್ಣೆದಿಣ್ಣೆ ಎನ್ನುತ್ತಾರೆ. ಒಣಗಿದಾಗ ಹೆಂಚಿನಂಥ ಮಣ್ಣು, ನೆನೆದರೆ ಹೆಸರಿಗೆ ತಕ್ಕ ಹಾಗೆ.

ಮಗಳು ಸ್ಕೂಲಿನ ಹಳದಿ ಕಾರನ್ನೇ ಒಯ್ಯುತ್ತಿದ್ದಳು. ಹೋದ ವರ್ಷವೂ ಅದರ ಹಿಂದಿನ ವರ್ಷವೂ ಬೆಣ್ಣೆದಿಣ್ಣೆಯ ನಡುವಲ್ಲಿ ಸಿಕ್ಕಿಬಿದ್ದು, ಟ್ರ್ಯಾಕ್ಟರಿನವನು ಹಗ್ಗ ಕಟ್ಟಿ ಎಳೆದು ತಂದಿದ್ದ. ದಾರಿ ಓದಿ ಹೇಳಲು ಪಕ್ಕದಲ್ಲಿ ಕೂರುತ್ತಿದ್ದವನು ಅವಳ ಗಂಡ, ಕನ್ನಡಕದ ಅಂಗಡಿಯವನು. ಡ್ರೈವಿಂಗ್ ಸ್ಕೂಲಿನ ಮನೆಗೆ ಅಳಿಯನಾಗಿ ಬಂದೂ ಸೈಕಲ್ಲಿನಾಚೆ ಏನೂ ಕಲಿಯದ ಪುಣ್ಯಾತ್ಮ. ಆ ಎರಡನೇ ಬ್ರೇಕು ಅವನ ಪಾಲಿಗೆ ಬರೀ ಟಿಫಿನ್ ಚೀಲ ನೇತುಹಾಕುವ ಗೂಟವಾಗಿತ್ತು. ಆದ್ದರಿಂದ ಅದನ್ನು ಬಿಚ್ಚಿಡಬೇಕೆಂದು ಯಾರಿಗೂ ಹೊಳೆದೇ ಇರಲಿಲ್ಲ.

ಈ ಸಲ ರ‍್ಯಾಲಿಯ ವಾರವೇ ಅಳಿಯ ಅಂಗಡಿಯ ಬೋರ್ಡು ನೇರ ಮಾಡಲು ಹೋಗಿ ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಅಡುಗೆಮನೆಯ ಸ್ಟೂಲಿನ ಮೇಲೆ ಪ್ಲಾಸ್ಟರಿನ ಕೈ ಎತ್ತಿಕೊಂಡು ಕೂತು, ಯೋಚನೆ ಮಾಡಿ ಮಾಡಿ, “ಅತ್ತೇ, ನೀವೇ ಹೋಗಿ” ಎಂದ.

“ಬಿದ್ದಿದ್ದು ಕೈ ಮೇಲೋ ತಲೆ ಮೇಲೋ?”

“ದಾರಿ ಓದಿ ಹೇಳೋದಷ್ಟೇ. ನಿಮ್ಮ ಬಾಯಿಗೆ ಸರಿಸಾಟಿ ಯಾರಿದ್ದಾರೆ ಊರಲ್ಲಿ?”

“ಹೊಗಳ್ತಿದ್ದೀಯೋ ಬೈತಿದ್ದೀಯೋ?”

“ಎರಡೂ ಇರಲಿ ಇಟ್ಕೊಳ್ಳಿ ಅತ್ತೆ.”

ಮಗಳು ಸಿಂಕಿನ ಮುಂದೆ ನಿಂತು ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು. ಮೊದಲ ವರ್ಷ ಅವಳು ರ‍್ಯಾಲಿಗೆ ಹೊರಟಾಗ ನಿಧಾನಮ್ಮ, “ಜೀವಮಾನ ಎಲ್ಲಾ ಜನಕ್ಕೆ ನಿಧಾನ ಕಲಿಸಿದೆ, ನನ್ನ ಹೊಟ್ಟೇಲೇ ಹುಟ್ಟಬೇಕಿತ್ತಾ ಇಂಥದ್ದು” ಎಂದಿದ್ದಳು. ಅಂದಿನಿಂದ ಮಗಳು ‘ನೋಡಲು ಬಾ’ ಎಂದು ಒಮ್ಮೆಯೂ ಕರೆದವಳಲ್ಲ. ಈಗಲೂ ಬೆನ್ನು ತಿರುಗಿಸಿಯೇ ಹೇಳಿದಳು: “ಬರೋದಾದ್ರೆ ಬರಲಿ. ಈ ಸಲನೂ ದಿಣ್ಣೆ ಹತ್ತದಿದ್ರೆ ನಾನು ಇನ್ನು ಹೋಗಲ್ಲ. ಮುಗೀತು ಅಷ್ಟೇ. ಆದ್ರೆ ಬಂದೋರು ಕಾಲು ಅಲ್ಲಾಡಿಸಬಾರದು.”

‘ಇನ್ನು ಹೋಗಲ್ಲ’ ಎಂಬ ಮಾತಿಗೆ ನಿಧಾನಮ್ಮ ದೇವರಿಗೆ ದೀಪ ಹಚ್ಚಬೇಕಿತ್ತು. ಆದರೆ ಆ ದನಿ ಕೇಳಿ ಆಕೆ ಮಗಳ ಬೆನ್ನನ್ನೇ ನೋಡಿದಳು. ಅವಳು ಹಾಗೆ ಮಾತಾಡಿದ್ದನ್ನು ಆಕೆ ಒಮ್ಮೆ ಮಾತ್ರ ಕೇಳಿದ್ದಳು, ಅಪ್ಪ ತೀರಿಕೊಂಡ ದಿನ.

“ಹೆಲ್ಮೆಟ್ಟು ಎಲ್ಲಿದೆ, ತಾ” ಎಂದಳು.

ರ‍್ಯಾಲಿಯ ದಿನ ಬೆಳಗ್ಗೆಯಿಂದಲೇ ಮಳೆ, ಮುಗಿಲು ತಲೆ ಮೇಲೇ ಕೂತ ಹಾಗಿತ್ತು. ಕಾರಿನ ನೆತ್ತಿಯಿಂದ ಸ್ಕೂಲಿನ ಬೋರ್ಡನ್ನು ಬಿಚ್ಚಿದ್ದರು. ಬೋಲ್ಟಿನ ತೂತುಗಳಿಗೆ ಅಳಿಯ ಸಾಬೂನು ಮೆತ್ತಿದ್ದ. ಹಿಂದಿನ ಗಾಜಿನ ಮೇಲೆ ಬಣ್ಣದಲ್ಲಿ ಬರೆದ ‘ಕಲಿಯುತ್ತಿದ್ದಾರೆ, ತಾಳ್ಮೆ ಇರಲಿ’ ಎಂಬುದನ್ನು ಮಾತ್ರ ಅಳಿಸಲಾಗಿರಲಿಲ್ಲ. ನೋಡಲು ಬಂದವರು ಅದನ್ನು ಗಟ್ಟಿಯಾಗಿ ಓದಿ ನಗುತ್ತಿದ್ದರು. ಅಳಿಯನ ಹೆಲ್ಮೆಟ್ಟು ದೊಡ್ಡದಾಗಿ ನಿಧಾನಮ್ಮ ಒಳಗೆ ಟವೆಲು ತುರುಕಿಕೊಂಡಿದ್ದಳು. ಗಾಡಿ ತಪಾಸಣೆಗೆ ಬಂದ ಕ್ಲಬ್ಬಿನವನು ಬಗ್ಗಿ ಒಳಗೆ ನೋಡಿ, “ಇದೇನು ಇನ್ನೊಂದು ಪೆಡಲು?” ಎಂದ.

“ಅಮ್ಮನದು” ಎಂದಳು ಮಗಳು.

ಅವನು ಹೆಲ್ಮೆಟ್ಟಿನೊಳಗಿನ ಮುಖವನ್ನು ನೋಡಿದ. ಅವನ ಮೀಸೆ ನಡುಗಿತು. “ಅಯ್ಯೋ ಅಮ್ಮಾವ್ರೇ! ನೀವು? ಇಲ್ಲಿ?”

“ಮಳೇಲಿ ನಿಂತ್ಕೊಂಡು ಬಾಯಿ ಬಿಡಬೇಡ, ನೀರು ಹೋಗುತ್ತೆ. ಇದು ಇರಬಹುದೋ ಇಲ್ವೋ?”

“ನಿಯಮದಲ್ಲಿ ಇದರ ಸುದ್ದೀನೇ ಇಲ್ಲ ಅಮ್ಮಾವ್ರೇ. ಬಿಚ್ಚೋಕೂ ಈಗ ಹೊತ್ತಿಲ್ಲ. ಹೋಗಿಬನ್ನಿ” ಎಂದು ಬಾಗಿಲು ಮುಚ್ಚಿದ.

ಬಾವುಟ ಇಳಿಯಿತು. ಇಟ್ಟಿಗೆ ಗೂಡುಗಳ ನಡುವಿನ ದಾರಿ ದಾರಿಯಾಗಿ ಉಳಿದಿರಲಿಲ್ಲ. ಕಲಸಿಟ್ಟ ಹಿಟ್ಟಿನ ಹಾಗೆ ಕೆಂಪು ರಾಡಿ. ನಿಧಾನಮ್ಮ ಕ್ಲಬ್ಬಿನವರು ಕೊಟ್ಟ ಹಾಳೆಯಲ್ಲಿನ ಬಾಣದ ಗುರುತುಗಳನ್ನು ನೋಡುತ್ತಾ ಗಂಟಲು ಸರಿಮಾಡಿಕೊಂಡು, “ಮುಂದೆ ಎಡಕ್ಕೆ. ಇಂಡಿಕೇಟರ್ ಹಾಕು” ಎಂದಳು.

“ಯಾರಿಗಮ್ಮಾ? ಕಪ್ಪೆಗಾ?”

ಎಡ ದಾಟಿತು. ಮುಂದಿನದು ಬಲ. ಕಾರು ತಿರುವಿನತ್ತ ಧಾವಿಸಿತು. ಧಾವಿಸಿತು, ಇನ್ನೂ ಧಾವಿಸಿತು. ಎದುರಿಗೆ ಇಟ್ಟಿಗೆಯ ಗೋಡೆ ದೊಡ್ಡದಾಗುತ್ತಾ ಬಂತು. ಈ ಹುಡುಗಿ ಯಾಕೆ ನಿಧಾನ ಮಾಡುತ್ತಿಲ್ಲ ಎಂದು ನಿಧಾನಮ್ಮನ ತಲೆ ಯೋಚಿಸಿ ಮುಗಿಸುವ ಮೊದಲೇ ಬಲಗಾಲು ತನ್ನ ಕೆಲಸ ಮಾಡಿ ಆಗಿತ್ತು. ಚಕ್ರಗಳು ಕಚ್ಚಿಕೊಂಡವು. ಕಾರು ತಿರುಗುವುದನ್ನೇ ಮರೆತು, ಸೋಪಿನ ಬಿಲ್ಲೆಯ ಹಾಗೆ ನೇರ ಜಾರಿ, ರಸ್ತೆ ಬದಿಯ ಕೆಸರಿನ ದಿಬ್ಬಕ್ಕೆ ಮೂಗು ಹೂತು ನಿಂತಿತು.

ವೈಪರು ಮಾತ್ರ ತನ್ನ ಪಾಡಿಗೆ ಆಡುತ್ತಲೇ ಇತ್ತು.

“ಅಮ್ಮಾ.”

“ನಾನೇನೂ ಮಾಡಿಲ್ಲ ಕಣೇ.”

“ನನ್ನ ಕಾಲಡಿ ಪೆಡಲು ತಾನೇ ಕೆಳಗೆ ಹೋಯ್ತು. ದೆವ್ವ ಒತ್ತಿತಾ?”

ಗೂಡಿನ ಕೆಲಸದವರು ನಾಲ್ಕಾರು ಜನ ನಗುತ್ತಾ ಓಡಿಬಂದು ತಳ್ಳಿದರು. “ತಾಳ್ಮೆ ಇರಲಿ, ತಾಳ್ಮೆ ಇರಲಿ” ಎಂದು ಹಿಂದಿನ ಗಾಜನ್ನು ಓದುತ್ತಲೇ ತಳ್ಳಿದರು. ಕಾರು ಈಚೆ ಬಂತು. ಮಗಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ತುಟಿ ಬಿಗಿದುಕೊಂಡು ಉಳಿದ ದಾರಿಯನ್ನು ಲಾಂಡ್ರಿ ವ್ಯಾನು ಓಡಿಸುವ ಹಾಗೆ ಓಡಿಸಿದಳು. ಅದು ನಿಧಾನಮ್ಮನಿಗೆ ಚುಚ್ಚಿತು. ಊರಿಗೆಲ್ಲಾ ಹಾಗೆ ಓಡಿಸಿ ಎಂದು ಹೇಳಿದವಳು ತಾನೇ. ಆದರೆ ಮಗಳ ಕೈಯಲ್ಲಿ ಅದು ರೆಕ್ಕೆ ಕಟ್ಟಿದ ಹಕ್ಕಿಯ ನಡಿಗೆಯ ಹಾಗೆ ಕಂಡಿತು.

ತೋಪಿನ ಬಾಯಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದಾಗ ಆಕೆ ಬಗ್ಗಿ ಬಲಗಾಲಿನ ಬೂಟು ಕಳಚಿದಳು. ಸೊಂಟದ ಬೆಲ್ಟಿನ ಅಡಿಯಲ್ಲೇ ಏಗಾಡಿ, ಕಾಲನ್ನು ಮಡಚಿ ಎಡತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಕೂತಳು.

“ಏನಮ್ಮಾ ಅದು?”

“ಜೈಲಿಗೆ ಹಾಕ್ದೆ ಅದನ್ನ. ನೀನು ನಿನ್ನ ಪಾಡಿಗೆ ಓಡಿಸು.”

ಮಗಳು ಗೇರು ಹಾಕಿದಳು. ಆಮೇಲೆ ಬಾವುಟ ಇಳಿಯಿತು.

ಅಲ್ಲಿಂದ ಮುಂದಿನದನ್ನು ನಿಧಾನಮ್ಮ ಇಂದಿಗೂ ಹೇಳಲು ಹೊರಟು ನಡುವೆ ಮಾತು ನಿಲ್ಲಿಸಿಬಿಡುತ್ತಾಳೆ. “ಬಲಕ್ಕೆ, ಬಿಗಿ ತಿರುವು” ಎಂದು ಆಕೆ ಓದಿದಳು. ಮಗಳು ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದಳು. “ಬಲ ಅಂದೆ ಕಣೇ!” “ಗೊತ್ತು.” ಹಾರುವ ಮೊದಲು ಬೆಕ್ಕು ಮೈ ಹಿಂದೆಳೆದುಕೊಳ್ಳುವಂತೆ ಕಾರು ಅರೆಗಳಿಗೆ ಎಡಕ್ಕೆ ವಾಲಿತು. ಆಮೇಲೆ ಇಡೀ ಮೈಯನ್ನು ಬಲಕ್ಕೆ ಬೀಸಿತು. ಹಿಂಭಾಗ ಜಾರಿಕೊಂಡು ಬಂತು. ಮುಂದಿನ ಗಾಜಿನಲ್ಲಿ ಬರೀ ಮರಗಳು. ಮುಂದೆ ಕಾಣಬೇಕಾದ ದಾರಿ ನಿಧಾನಮ್ಮನ ಪಕ್ಕದ ಕಿಟಕಿಯಲ್ಲಿ ಕಾಣುತ್ತಿತ್ತು! ಭುಜ ಮುಂದುಮಾಡಿಕೊಂಡು, ಕೂತ ಹಾಗೇ, ಕಾರು ಅಡ್ಡಡ್ಡಲಾಗಿ ದಾರಿಯ ಮೇಲೆ ತೇಲಿಕೊಂಡು ಹೋಗುತ್ತಿತ್ತು. ಕಿರುಚುವ ಟೈರಿಲ್ಲ, ಏನಿಲ್ಲ. ಒದ್ದೆ ಬಟ್ಟೆಯನ್ನು ಉದ್ದಕ್ಕೆ ಹರಿದ ಹಾಗೆ ಕೆಸರಿನ ಸರ್ರೆಂಬ ಸದ್ದು ಮಾತ್ರ. ಇಷ್ಟು ವರ್ಷ ಕಾರಿನಲ್ಲಿ ಕೂತು ಕೂತು ಸೀಟಿನ ಸ್ಪ್ರಿಂಗು ಸವೆಸಿದವಳಿಗೆ, ಕಾರೆಂಬುದು ಹೀಗೂ ಹೋಗುತ್ತದೆಂದು ಅಂದು ಗೊತ್ತಾಯಿತು.

ಆಕೆ ಮಗಳತ್ತ ನೋಡಿದಳು. ಹೆದರಿಕೆಯನ್ನು ನಿರೀಕ್ಷಿಸಿದ್ದಳು, ಅದಿರಲಿಲ್ಲ. ಹುರುಪು, ಹಟ, ಅದೂ ಇಲ್ಲ. ಸ್ಟಿಯರಿಂಗು ಮಗಳ ಬೆರಳುಗಳ ನಡುವೆ ಹೊಳೆಯ ನೀರಿನ ಹಾಗೆ ಹಿಂದೆ ಮುಂದೆ ಹರಿಯುತ್ತಿತ್ತು. ಅವಳು ಅದನ್ನು ಹಿಡಿದಿದ್ದಳೆಂದೂ ಹೇಳುವಂತಿಲ್ಲ, ಬಿಟ್ಟಿದ್ದಳೆಂದೂ ಹೇಳುವಂತಿಲ್ಲ. ಕೆಳತುಟಿ ಹಲ್ಲಿನ ಅಡಿಯಲ್ಲಿತ್ತು. ಚಿಕ್ಕವಳಿದ್ದಾಗ ಮೂಲೆಯ ಅಂಗಡಿಯಿಂದ ಅಂಚಿನವರೆಗೆ ತುಂಬಿದ ಹಾಲಿನ ಪಾತ್ರೆಯನ್ನು ಒಂದು ತೊಟ್ಟೂ ಚೆಲ್ಲದೆ ತರುವಾಗ ಹೀಗೇ ತುಟಿ ಕಚ್ಚಿಕೊಳ್ಳುತ್ತಿದ್ದಳು. ಮರಗಳು ಹಾರುತ್ತಿದ್ದವು, ಮಣ್ಣು ಹಾರುತ್ತಿತ್ತು, ಆ ಮುಖ ಮಾತ್ರ ನಿಧಾನವಾಗಿತ್ತು. ಅಷ್ಟು ನಿಧಾನದ ಮುಖವನ್ನು ನಿಧಾನಮ್ಮ ತನ್ನ ಯಾವ ವಿದ್ಯಾರ್ಥಿಯಲ್ಲೂ ಕಂಡಿರಲಿಲ್ಲ. ಇದೆಲ್ಲಿಂದ ಬಂತು ಇವಳಿಗೆ? ಈ ಕೈಗಳಿಗೆ ಸ್ಟಿಯರಿಂಗ್ ಹಿಡಿಸಿದವಳು ತಾನು, ಆದರೆ ಇದನ್ನು ತಾನು ಕಲಿಸಿಲ್ಲ. ತನಗೇ ಬಾರದ್ದನ್ನು ಕಲಿಸುವುದು ಹೇಗೆ?

“ಅಮ್ಮಾ, ಓದು!”

“ಹಾಂ? ಹಾಂ. ಎಡ. ಎಡ ಆದಮೇಲೆ... ನೀರು ಕಾಲುವೆ.”

ಕಾಲುವೆಯ ನೀರು ಎರಡೂ ಕಡೆ ಗೋಡೆಯ ಹಾಗೆ ಎದ್ದು ನಿಂತು, ಕಾರಿನ ನೆತ್ತಿಯ ಮೇಲೆ ಬಿದ್ದು, ಸಾಬೂನನ್ನು ಕರಗಿಸಿ, ಬೋಲ್ಟಿನ ತೂತಿನಿಂದ ನಿಧಾನಮ್ಮನ ಮಡಿಲಿಗೆ ನೊರೆನೊರೆಯಾಗಿ ಸುರಿಯಿತು. ಆಕೆ ಗಟ್ಟಿಯಾಗಿ ನಕ್ಕಳು. ತಾನು ನಕ್ಕದ್ದು ತನಗೇ ಕೇಳಿ ಆಶ್ಚರ್ಯವಾಯಿತು. ಬಲಗಾಲು ತೊಡೆಯಡಿಯಲ್ಲಿ ತೆಪ್ಪಗೆ ಕೂತಿತ್ತು.

ಮೂರನೆಯ ಹಂತದ ಕೊನೆಗೆ ಬೆಣ್ಣೆದಿಣ್ಣೆ. ಅದರ ಬುಡದಲ್ಲಿ ಟ್ರ್ಯಾಕ್ಟರಿನವನು ಪ್ಲಾಸ್ಟಿಕ್ಕು ಹೊದ್ದು ಕೂತಿದ್ದ. ಹಳದಿ ಕಾರು ಕಂಡೊಡನೆ ಎದ್ದು ನಿಂತು ಕೂಗಿದ: “ಬಂದ್ಯಾ ತಾಯೀ! ನಿನಗೇ ಅಂತ ಹಗ್ಗ ತೊಳೆದು ಇಟ್ಟಿದ್ದೀನಿ!”

ಮಗಳು ಓಟವನ್ನು ಕಟ್ಟಿಕೊಂಡೇ ಏರಿಗೆ ಬಿದ್ದಳು. ಕಾಲುಭಾಗ ಹತ್ತಿತು, ಅರ್ಧ ಹತ್ತಿತು. ಅಲ್ಲಿ ಓಟ ಸತ್ತಿತು. ಮುಂದಿನ ಚಕ್ರಗಳಲ್ಲಿ ಒಂದು ಹುಚ್ಚು ಹಿಡಿದಂತೆ ಗಿರಗಿರ ತಿರುಗಿ ಕೆಸರನ್ನು ಆಕಾಶಕ್ಕೆ ಎಸೆಯತೊಡಗಿತು. ಇನ್ನೊಂದು, ಗಟ್ಟಿ ನೆಲದ ಮೇಲಿದ್ದದ್ದು, ನನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಸುಮ್ಮನೆ ನಿಂತಿತು. ಕಾರಿನ ಬುದ್ಧಿಯೇ ಹಾಗೆ, ಯಾವ ಚಕ್ರ ಸುಲಭವಾಗಿ ತಿರುಗುತ್ತದೋ ಅದಕ್ಕೇ ಬಲವೆಲ್ಲ ಕೊಟ್ಟುಬಿಡುತ್ತದೆ. ಕಾರು ನಿಂತಲ್ಲೇ ನಡುಗುತ್ತಾ ಹಿಂದಕ್ಕೆ ಸರಿಯಲು ನೋಡಿತು. ಕೆಳಗೆ ಟ್ರ್ಯಾಕ್ಟರು ಸ್ಟಾರ್ಟಾದ ಸದ್ದು ಕೇಳಿಸಿತು.

“ಅಮ್ಮಾ, ಕಾಲು ಇಳಿಸು.”

“ಇಲ್ಲಮ್ಮಾ, ಒತ್ತಲ್ಲ, ಆಣೆ ಮಾಡಿದ್ದೀನಿ.”

“ಒತ್ತು ಅಂತಿದ್ದೀನಿ! ನಂಗೆ ಒಂದು ಕಾಲು ಕ್ಲಚ್ಚಿಗೆ, ಒಂದು ಆಕ್ಸಿಲೇಟರಿಗೆ. ಮೂರನೇ ಕಾಲಿಲ್ಲ. ನಾನು ರೇಸ್ ಕೊಡ್ತಾ ಇರ್ತೀನಿ, ನೀನು ಬ್ರೇಕ್ ಹಿಡಿ. ತಿರುಗೋ ಚಕ್ರಾನ ಸ್ವಲ್ಪ ತಡೆದ್ರೆ ಇನ್ನೊಂದು ಏಳುತ್ತೆ!”

ನಿಧಾನಮ್ಮ ಬಲಗಾಲನ್ನು ಎಳೆದು ಕೆಳಗಿಟ್ಟಳು. ಕಾಲು ಇರಲೇ ಇಲ್ಲ. ಅಷ್ಟು ಹೊತ್ತು ಮೇಲೆ ಕೂತಿದ್ದಕ್ಕೆ ಜೋಮು ಹಿಡಿದು ಮರದ ಕೊರಡಾಗಿತ್ತು. ಒಂದು ದಿನವೂ ನಿದ್ದೆ ಮಾಡದ ಕಾಲು, ಊರಿಗೆ ಊರನ್ನೇ ಕಾಪಾಡಿದ ಕಾಲು, ಮಗಳು ಬೇಡಿದ ಹೊತ್ತಿಗೆ ಗೊರಕೆ ಹೊಡೆಯುತ್ತಿತ್ತು.

“ಜೋಮು ಹಿಡಿದಿದೆ ಕಣೇ!”

“ಎಡಗಾಲಲ್ಲಿ!”

ಎಡಗಾಲಿಗೆ ಗೊತ್ತಿದ್ದದ್ದು ಕ್ಲಚ್ಚು ಮಾತ್ರ. ಒತ್ತಿದರೆ ನೆಲಮುಟ್ಟ ಒತ್ತುವ ಕಾಲು. ಒತ್ತಿಯೇಬಿಟ್ಟಿತು. ಕಾರು ಗಕ್ಕನೆ ಉಸಿರು ಕಟ್ಟಿ ಆರಿಹೋಗುವಂತಾಯಿತು.

“ಅಮ್ಮಾ! ಹುಳ ಹೊಸಕ್ತಿದ್ದೀಯ!” ಮಗಳು ಕೂಗಿದಳು. “ಬೆನ್ನು ತಟ್ಟು! ಬೆನ್ನು ತಟ್ಟಮ್ಮಾ!”

ನಿಧಾನಮ್ಮನ ಕಿವಿಗೆ ಅದು ತನ್ನದೇ ದನಿಯ ಹಾಗೆ ಕೇಳಿತು. ಆಕೆ ಕಣ್ಣು ಮುಚ್ಚಿದಳು. ಆ ಒರಟು ಎಡಗಾಲಿಗೆ, ಮೊದಲ ದಿನದ ವಿದ್ಯಾರ್ಥಿಗೆ ಹೇಳುವಷ್ಟೇ ಸಮಾಧಾನದಿಂದ, ಒಳಗೊಳಗೇ ಹೇಳಿದಳು: ಮೆಲ್ಲಗೆ. ಎಚ್ಚರಾನೂ ಆಗಬಾರದು. ತಟ್ಟಿದಳು. ಬಿಟ್ಟಳು. ತಟ್ಟಿದಳು. ಇಂಜಿನ್ನಿನ ಕೂಗು ಇಳಿದು ದಪ್ಪಗಾಯಿತು. ಹುಚ್ಚು ಚಕ್ರದ ಗಿರಗಿರ ತಗ್ಗಿತು. ಆಮೇಲೆ ಆಚೆ ಚಕ್ರದ ಕಡೆಯಿಂದ, ಮಣ್ಣಿನ ಆಳದಿಂದ, ಏನೋ ಕಚ್ಚಿ ಹಿಡಿದ ಹಾಗೆ ಒಂದು ಎಳೆತ ಆಕೆಯ ಬೆನ್ನೆಲುಬಿಗೆ ತಾಗಿತು. ಕಾರು ಒಂದು ಗೇಣು ಹತ್ತಿತು. ಇನ್ನೊಂದು ಗೇಣು. ಮಗಳ ಎರಡು ಕಾಲು, ತಾಯಿಯ ಒಂದು ಕಾಲು, ಮೂರೂ ಒಂದೇ ಮೈಗೆ ಸೇರಿದವುಗಳಂತೆ ಏರುತ್ತಿದ್ದವು. ಯಾವಾಗ ತಟ್ಟಬೇಕು, ಯಾವಾಗ ಬಿಡಬೇಕು ಎಂದು ಮಗಳು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ.

ಕಣ್ಣು ತೆರೆದಾಗ ಎದುರಿನ ಗಾಜಿನಲ್ಲಿ ಮಣ್ಣಿರಲಿಲ್ಲ, ಬರೀ ಆಕಾಶ. ಆಮೇಲೆ ಕಾರು ತಲೆ ಬಾಗಿಸಿತು. ಕೆಳಗೆ, ತೆಳ್ಳಗಾದ ಮಳೆಯಲ್ಲಿ, ಇಡೀ ಊರು. ತಾನು ಜನರಿಗೆ ಕಾರು ಕಲಿಸಿದ ಪ್ರತಿ ಬೀದಿಯೂ ದಾರದೆಳೆಯ ಹಾಗೆ ಹೊಳೆಯುತ್ತಿತ್ತು. ಇಷ್ಟು ಹತ್ತಿರದಲ್ಲಿ ಇಂಥದ್ದೊಂದು ಜಾಗವಿತ್ತೇ ಎಂದು ನಿಧಾನಮ್ಮನ ಬಾಯಿ ತೆರೆದದ್ದು ಹಾಗೇ ಇತ್ತು. ಹಿಂದಿನಿಂದ ಟ್ರ್ಯಾಕ್ಟರಿನವನು ಹಾರನ್ನು ಬಿಡದೆ ಬಾರಿಸುತ್ತಿದ್ದ. ಅದು ಹಂಗಿಸುವ ಹಾರನ್ನಾಗಿರಲಿಲ್ಲ.

ಗೆದ್ದವರು ಯಾರೋ ಬೇರೆ. ಇವರ ಕಾರು ಕೊನೆಯ ಸಾಲಿನಲ್ಲೆಲ್ಲೋ ಬಂತು. ಆದರೆ ಬಂತು, ತನ್ನ ಚಕ್ರದ ಮೇಲೆ ತಾನೇ. ಗಡಿಯಾರದವನ ಮುಂದೆ ನಿಂತಾಗ ನಿಧಾನಮ್ಮನಿಗೆ ಇಳಿಯಲಾಗಲಿಲ್ಲ. ಕಾಲಿನ ಜೋಮು ಬಿಡುತ್ತಾ ಸಾವಿರ ಇರುವೆ ಹತ್ತಿದಂತಾಗಿ, “ಅಯ್ಯಯ್ಯೋ ಮುಟ್ಟಬೇಡ್ರೋ” ಎಂದು ಕಿರುಚುತ್ತಿದ್ದಳು. ಅಳಿಯ ಪ್ಲಾಸ್ಟರಿನ ಕೈಯನ್ನು ಬಾವುಟದಂತೆ ಎತ್ತಿಕೊಂಡು ಓಡಿಬಂದು, “ಅತ್ತೇ, ಏನಾಯ್ತು, ಏನಾಯ್ತು?” ಎಂದ. ಮಗಳು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ನಗುತ್ತಿದ್ದಳೋ ಅಳುತ್ತಿದ್ದಳೋ, ಕೆಸರಿನ ಮುಖದಲ್ಲಿ ತಿಳಿಯಲಿಲ್ಲ. ನಿಧಾನಮ್ಮ ಕೈ ಚಾಚಿ ಅವಳ ಬೆನ್ನ ಮೇಲಿಟ್ಟಳು. ಏನಾದರೂ ಹೇಳಬೇಕೆನಿಸಿತು. ಹೊಗಳಿ ಅಭ್ಯಾಸವಿಲ್ಲದ ಬಾಯಿ.

“ಅಲ್ಲವೇ,” ಎಂದಳು ಕೊನೆಗೆ, “ಆ ದಾರಿ ನನ್ನ ಕಿಟಕೀಲಿ ಬಂತಲ್ಲ... ಅದನ್ನ ಇನ್ನೊಂದ್ಸಲ ತೋರಿಸ್ತೀಯಾ?”

ಮನೆಗೆ ಹೊರಡುವಾಗ ಮಗಳ ತೋಳುಗಳು ಸೋತುಹೋಗಿದ್ದವು. ನಿಧಾನಮ್ಮ ಸ್ಟಿಯರಿಂಗಿಗೆ ಕೂತಳು, ಮಗಳು ತಾಯಿಯ ಜಾಗದಲ್ಲಿ, ಅಳಿಯ ಹಿಂದೆ. ಒದ್ದೆಯಾದ ಡಾಂಬರು ರಸ್ತೆ, ಎದುರಿಗೆ ಯಾರೂ ಇಲ್ಲ. ಬೇಕರಿಯ ಮುಂದಿನ ತಿರುವು ಹತ್ತಿರ ಬಂತು, ಬಲಕ್ಕೆ. ನಿಧಾನಮ್ಮ ಸುತ್ತಲೂ ಒಮ್ಮೆ ಕಣ್ಣು ಹಾಯಿಸಿ, ಕೆಳತುಟಿಯನ್ನು ಹಲ್ಲಿನ ಅಡಿಗೆ ಸೇರಿಸಿ, ಆಕ್ಸಿಲೇಟರನ್ನು ಒಂಚೂರು, ಒಂದೇ ಒಂದು ಚೂರು, ಹೆಚ್ಚು ಒತ್ತಿದಳು.

ಅವಳ ಕಾಲಡಿಯ ಬ್ರೇಕು ಪೆಡಲು ತಾನಾಗಿಯೇ ಕೆಳಗಿಳಿಯಿತು.

ಪಕ್ಕಕ್ಕೆ ತಿರುಗಿ ನೋಡಿದಳು. ಮಗಳು ಏನೂ ಆಗಿಲ್ಲವೆಂಬಂತೆ ಕಿಟಕಿಯಾಚೆ ನೋಡುತ್ತಿದ್ದಳು.